ಒಂದೇ ಕೋಣೆ, ಎಂಟು ತರಗತಿ, ಒಬ್ಬರೇ ಟೀಚರು: ನೆಬ್ರಾಸ್ಕದ ಫ್ರೀಮನ್ ಶಾಲೆ

ಪ್ರಶ್ನೆ: ಮಗ ಅಮೆರಿಕದ ನೆಬ್ರಾಸ್ಕ ರಾಜ್ಯದ ಲಿಂಕನ್‌ನಲ್ಲಿದ್ದಾನೆ. ಅಲ್ಲಿಗೆ ಹೋಗಿದ್ದಾಗ ಬಿಯಾಟ್ರಿಸ್ ಎಂಬ ಊರಿನ ಹತ್ತಿರ ಹೊಲಗಳ ನಡುವೆ ಇರುವ ಫ್ರೀಮನ್ ಸ್ಕೂಲ್ ನೋಡಿದೆವು. ಇಟ್ಟಿಗೆಯ ಒಂದೇ ಕೋಣೆ. 1872ರಿಂದ 1967ರ ತನಕ ಅಲ್ಲಿ ಪಾಠ ನಡೆಯಿತಂತೆ. ನಮ್ಮ ತಂದೆ ಓದಿದ ಹಾಸನ ಕಡೆಯ ಏಕೋಪಾಧ್ಯಾಯ ಶಾಲೆ ನೆನಪಾಯಿತು. ಸರ್ಕಾರ ಪುಕ್ಕಟೆ ಕೊಟ್ಟ ಜಮೀನನ್ನು ಮೊದಲು ಪಡೆದ ಫ್ರೀಮನ್ ಎಂಬಾತನೇ ಈ ಶಾಲೆ ಕಟ್ಟಿಸಿದ್ದಾ? ಒಬ್ಬ ಟೀಚರು ಎಂಟು ತರಗತಿಗೆ ಹೇಗೆ ಪಾಠ ಮಾಡುತ್ತಿದ್ದರು? ಅಷ್ಟು ಶ್ರೀಮಂತ ದೇಶ ಇಂಥ ಶಾಲೆಯನ್ನು 95 ವರ್ಷ ಇಟ್ಟುಕೊಂಡಿದ್ದೇಕೆ, ಆಮೇಲೆ ಮುಚ್ಚಿದ್ದೇಕೆ?

ಉತ್ತರ: ಹೆಸರಿನಿಂದಲೇ ಶುರು ಮಾಡುತ್ತೇನೆ, ಅಲ್ಲೇ ಒಂದು ಸಣ್ಣ ಗೊಂದಲ ಇದೆ. ಡೇನಿಯಲ್ ಫ್ರೀಮನ್ 1863ರ ಜನವರಿ 1ರಂದು ಬ್ರೌನ್‌ವಿಲ್‌ನ ಭೂ ಕಚೇರಿಯಲ್ಲಿ ಅರ್ಜಿ ಕೊಟ್ಟು, ಹೋಮ್‌ಸ್ಟೆಡ್ ಕಾಯ್ದೆಯ ಜಮೀನಿಗೆ ಮೊದಲಿಗನೆಂದು ಹೆಸರಾದವನು. ಆ ಕಾಯ್ದೆ ಜಾರಿಗೆ ಬಂದದ್ದೇ ಆ ದಿನ. ತಾನು ಸೈನ್ಯಕ್ಕೆ ತುರ್ತಾಗಿ ವಾಪಸ್ ಹೋಗಬೇಕಿತ್ತು, ಅದಕ್ಕೇ ನಡುರಾತ್ರಿ ಕಚೇರಿ ಬಾಗಿಲು ತೆಗೆಸಿದೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಶಾಲೆ ಇರುವುದು ಅವನ ಜಮೀನಿನ ಹತ್ತಿರವೇ. ಆದರೆ ಹೆಸರು ಅವನದೇ ಎಂದು ಗಟ್ಟಿಯಾಗಿ ಹೇಳುವಂತಿಲ್ಲ. ಅದೇ ಸುತ್ತಿನಲ್ಲಿ ಇಟ್ಟಿಗೆ ಸುಡುತ್ತಿದ್ದ ಥಾಮಸ್ ಫ್ರೀಮನ್ ಎಂಬವನ ಹೆಸರೂ ಕೇಳಿಬರುತ್ತದೆ. ಕಟ್ಟಿಸಿದ್ದು ಮಾತ್ರ ಯಾರೋ ಒಬ್ಬ ದೊಡ್ಡ ಮನುಷ್ಯ ಅಲ್ಲ. ಸುತ್ತಲಿನ ರೈತರು ತಾವೇ ತೆರಿಗೆ ಹಾಕಿಕೊಂಡು ಕಟ್ಟಿಸಿದ ಶಾಲೆ ಇದು. ಡೇನಿಯಲ್ ಫ್ರೀಮನ್ ಈ ಶಾಲೆಯ ಚರಿತ್ರೆಗೆ ಬರುವುದು ಬೇರೆ ಕಾರಣಕ್ಕೆ, ಒಂದು ಜಗಳದಿಂದ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಜಮೀನಿನ ಲೆಕ್ಕ ನೋಡಬೇಕು. ನಿಮ್ಮ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಇರುವುದೇ ಅದರಲ್ಲಿ.

ಅಮೆರಿಕದ ಪಶ್ಚಿಮ ಭಾಗವನ್ನು ಅಳೆದದ್ದು ಚದುರಂಗದ ಮಣೆಯ ಹಾಗೆ. 1785ರ ಭೂ ಕಾನೂನಿನ ಪ್ರಕಾರ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದೊಂದು ಚೌಕಕ್ಕೆ ಟೌನ್‌ಶಿಪ್ ಎಂದು ಹೆಸರು. ಅದರೊಳಗೆ ಒಂದು ಚದರ ಮೈಲಿಯ, ಅಂದರೆ 640 ಎಕರೆಯ 36 ತುಂಡುಗಳು. ಅವೇ ಸೆಕ್ಷನ್‌ಗಳು. 16ನೇ ಸೆಕ್ಷನ್ ಶಾಲೆಗೆ ಮೀಸಲು. ನೆಬ್ರಾಸ್ಕದಲ್ಲಿ 36ನೇದೂ ಸೇರಿ ಎರಡು. ಅಂದರೆ ಅಲ್ಲೊಂದು ಮನೆ ಏಳುವ ಮೊದಲೇ, ಒಂದು ಮಗು ಹುಟ್ಟುವ ಮೊದಲೇ ನಕ್ಷೆಯಲ್ಲಿ ಶಾಲೆಯ ಪಾಲು ಬರೆದಾಗಿತ್ತು. ಶಾಲೆಯನ್ನು ಆ ಸೆಕ್ಷನ್‌ನಲ್ಲೇ ಕಟ್ಟಬೇಕು ಎಂದೇನಿರಲಿಲ್ಲ. ಆ ಜಮೀನಿನ ಗೇಣಿ, ಮಾರಿದ ದುಡ್ಡು ಶಾಲೆಗಳಿಗೆ ಸೇರುತ್ತಿತ್ತು. ನಮ್ಮಲ್ಲಿ ದೇವಸ್ಥಾನಕ್ಕೆ ಇನಾಮು ಜಮೀನು ಇರುತ್ತಿತ್ತಲ್ಲ, ಸುಮಾರು ಹಾಗೆ.

ಇದರ ಮೇಲೆ 1862ರಲ್ಲಿ ಹೋಮ್‌ಸ್ಟೆಡ್ ಕಾಯ್ದೆ ಪಾಸಾಯಿತು. ಒಂದು ಸಂಸಾರಕ್ಕೆ ಕಾಲು ಸೆಕ್ಷನ್, 160 ಎಕರೆ. ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿದರೆ ಜಮೀನು ನಿಮ್ಮದು. ಈಗ ಗುಣಿಸಿ ನೋಡಿ. ಒಂದು ಚದರ ಮೈಲಿಗೆ ನಾಲ್ಕು ಮನೆ. ಮೂರು ಮೈಲಿ ಉದ್ದ, ಮೂರು ಮೈಲಿ ಅಗಲದ ಜಾಗದಲ್ಲಿ ಎಲ್ಲಾ ತುಂಡುಗಳೂ ತುಂಬಿದರೆ 36 ಮನೆ. ಮನೆಗೆ ಒಂದೋ ಎರಡೋ ಶಾಲೆ ವಯಸ್ಸಿನ ಮಕ್ಕಳು. ಅಂಥ ಜಾಗದ ನಡುವೆ ಒಂದು ಕೋಣೆ ಕಟ್ಟಿದರೆ ಕೋಣೆಯೂ ತುಂಬುತ್ತದೆ, ಹೊಲ ದಾಟಿ ನೇರವಾಗಿ ಬಂದರೆ ಯಾವ ಮಗುವೂ ಸುಮಾರು ಎರಡು ಮೈಲಿಗಿಂತ ಜಾಸ್ತಿ ನಡೆಯಬೇಕಾಗಿಲ್ಲ.

ನಮ್ಮ ಊರುಗಳ ಹಾಗೆ ಅಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರಲಿಲ್ಲ ಎಂಬುದು ನೆನಪಿರಲಿ. ಪ್ರತಿಯೊಬ್ಬನೂ ತನ್ನ ಹೊಲದ ನಡುವೆ ಒಂಟಿ ಮನೆ ಮಾಡಿಕೊಂಡಿದ್ದ. ಅರಳಿಕಟ್ಟೆ ಇಲ್ಲ, ಕೆರೆ ಏರಿ ಇಲ್ಲ, ಹೆಂಗಸರು ನೀರಿಗೆ ಬಂದು ಮಾತಾಡುವ ಸೇದೋ ಬಾವಿ ಇಲ್ಲ. ಶಾಲೆಯೇ ಊರು. ಫ್ರೀಮನ್ ಶಾಲೆಯಲ್ಲೇ ಭಾನುವಾರ ಪ್ರಾರ್ಥನೆ, ಅಲ್ಲೇ ಚುನಾವಣೆಯ ಮತಗಟ್ಟೆ, ಅಲ್ಲೇ ಚರ್ಚಾಕೂಟ. ಇಂಥ ಶಾಲೆಗಳಲ್ಲಿ ಕ್ರಿಸ್ಮಸ್ ಹೊತ್ತಿಗೆ ಮಕ್ಕಳ ನಾಟಕ, ಹಾಡು. ಸ್ಪೆಲಿಂಗ್ ಪಂದ್ಯಕ್ಕೆ ಪಕ್ಕದ ಶಾಲೆಯವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಬಾಕ್ಸ್ ಸಪ್ಪರ್ ಎಂಬ ತಮಾಷೆಯ ಹರಾಜೂ ಇತ್ತು. ಹುಡುಗಿಯರು ಅಲಂಕಾರ ಮಾಡಿ ತಂದ ಬುತ್ತಿ ಡಬ್ಬಿಗಳನ್ನು ಗಂಡಸರು ಹರಾಜಿನಲ್ಲಿ ಕೊಳ್ಳಬೇಕು, ಡಬ್ಬಿ ತಂದವಳ ಜೊತೆ ಕೂತು ಊಟ ಮಾಡಬೇಕು. ಯಾರ ಡಬ್ಬಿ ಎಂದು ಹೇಳುವಂತಿಲ್ಲ. ಹೇಳದೆ ತಿಳಿಯುತ್ತಿತ್ತು ಬಿಡಿ. ಬಂದ ದುಡ್ಡಿನಲ್ಲಿ ಶಾಲೆಗೆ ದೀಪವೋ, ಭೂಪಟವೋ ಬರುತ್ತಿತ್ತು.

ಹಾಸನದ ಶಾಲೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ನಿಮ್ಮ ತಂದೆಯ ಮೇಷ್ಟ್ರನ್ನು ಕಳಿಸಿದ್ದು ಇಲಾಖೆ. ಪಠ್ಯ, ಸಂಬಳ, ವರ್ಗಾವಣೆ, ಇನ್‌ಸ್ಪೆಕ್ಟರು, ಎಲ್ಲಾ ಮೇಲಿನಿಂದ ಇಳಿದು ಬರುತ್ತಿತ್ತು. ನೆಬ್ರಾಸ್ಕದ ಶಾಲೆ ಕೆಳಗಿನಿಂದ ಎದ್ದದ್ದು. ಪ್ರತಿ ಶಾಲೆಯೂ ಒಂದು ಸ್ವತಂತ್ರ ಡಿಸ್ಟ್ರಿಕ್ಟ್, ಅಂದರೆ ನಮ್ಮ ಜಿಲ್ಲೆ ಅಲ್ಲ, ತನ್ನ ಆಡಳಿತ ತಾನೇ ನೋಡಿಕೊಳ್ಳುವ ಶಾಲಾ ಘಟಕ. ನೆರೆಹೊರೆಯ ಮೂರು ಮಂದಿಯ ಒಂದು ಮಂಡಳಿ. ವರ್ಷಕ್ಕೊಂದು ಸಭೆ ಸೇರಿ ತೆರಿಗೆ ಎಷ್ಟು, ಶಾಲೆ ಎಷ್ಟು ತಿಂಗಳು, ಒಲೆಗೆ ಕಲ್ಲಿದ್ದಲು ಯಾರಿಂದ, ಟೀಚರು ಗಂಡಸೋ ಹೆಂಗಸೋ ಎಂಬುದನ್ನೆಲ್ಲ ಕೈ ಎತ್ತಿ ತೀರ್ಮಾನ ಮಾಡುತ್ತಿದ್ದರು. ಪಕ್ಕದ ಕಾನ್ಸಸ್‌ನಲ್ಲಿ 1861ರಲ್ಲಿ ರಾಜ್ಯ ಆದಾಗಲೇ ಶಾಲಾ ಚುನಾವಣೆಯಲ್ಲಿ ಹೆಂಗಸರಿಗೂ ಮತ ಇತ್ತು. ಇಡೀ ದೇಶದ ಹೆಂಗಸರಿಗೆ ಮತ ಬಂದದ್ದು 1920ರಲ್ಲಿ, ಅಂದರೆ ಸುಮಾರು ಅರವತ್ತು ವರ್ಷ ತಡವಾಗಿ.

ಕಟ್ಟಡದ ಬಗ್ಗೆ ಒಂದು ಮಾತು. ಕೆಂಪು ಬಣ್ಣದ ಪುಟ್ಟ ಶಾಲೆಯ ಚಿತ್ರ ಕ್ಯಾಲೆಂಡರುಗಳಲ್ಲಿ ಬರುತ್ತದಲ್ಲ, ಬಯಲು ಸೀಮೆಯಲ್ಲಿ ಅದು ಅಪರೂಪ. ಪ್ರೇರಿ ಎಂದರೆ ಕಣ್ಣು ಹಾಯುವಷ್ಟು ದೂರ ಹುಲ್ಲು. ಮರ ಇರುವುದು ಹೊಳೆಯ ದಂಡೆಯಲ್ಲಿ ಮಾತ್ರ. ಮರ ನೆಡುವ ಹಬ್ಬ, ಆರ್ಬರ್ ಡೇ, ಶುರುವಾದದ್ದೇ ನೆಬ್ರಾಸ್ಕದಲ್ಲಿ, 1872ರ ಏಪ್ರಿಲ್ 10ರಂದು. ಫ್ರೀಮನ್ ಶಾಲೆ ಎದ್ದ ವರ್ಷವೇ! ಮರ ಇಲ್ಲದ ಕಡೆ ಮೊದಲ ಶಾಲೆಗಳನ್ನು ಕಟ್ಟಿದ್ದು ನೆಲದಿಂದಲೇ. ಬೇರು ಹೆಣೆದುಕೊಂಡ ಹುಲ್ಲುನೆಲವನ್ನು ನೇಗಿಲಿನಿಂದ ಪಟ್ಟಿ ಪಟ್ಟಿಯಾಗಿ ಸೀಳಿ, ಆ ಹೆಂಟೆಗಳನ್ನೇ ಇಟ್ಟಿಗೆ ಹಾಗೆ ಪೇರಿಸುತ್ತಿದ್ದರು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮಳೆ ಬಂದರೆ ಮಾತ್ರ ಚಾವಣಿಯಿಂದ ಕೆಸರು ತೊಟ್ಟಿಕ್ಕುತ್ತಿತ್ತು, ಆಗೊಮ್ಮೆ ಈಗೊಮ್ಮೆ ಹಾವೂ ಬೀಳುತ್ತಿತ್ತು. ಫ್ರೀಮನ್ ಶಾಲೆ ಆಗಲೇ ಸುಟ್ಟ ಇಟ್ಟಿಗೆಯದು, ಆ ಕಾಲಕ್ಕೆ ಸ್ವಲ್ಪ ಜೋರೇ. ಇವತ್ತು ನಿಮ್ಮ ಕಣ್ಣಿಗೆ ಬಿದ್ದದ್ದೂ ಅದಕ್ಕೇ. ಹೆಂಟೆಯ ಶಾಲೆಗಳೆಲ್ಲ ಮಣ್ಣಿಗೆ ಮಣ್ಣಾಗಿ ಸೇರಿಹೋದವು.

ಈಗ ನಿಮ್ಮ ಎರಡನೇ ಪ್ರಶ್ನೆ. ಎಂಟು ತರಗತಿಗೆ ಒಬ್ಬರು ಹೇಗೆ ಪಾಠ ಮಾಡಿದರು? ನಿಜ ಹೇಳಬೇಕೆಂದರೆ ಅವರು ಪಾಠ ಮಾಡುತ್ತಿದ್ದುದು ಕಮ್ಮಿ, ಒಪ್ಪಿಸಿಕೊಳ್ಳುತ್ತಿದ್ದುದು ಜಾಸ್ತಿ. ಟೀಚರ ಮೇಜಿನ ಎದುರಿಗೆ ಒಂದು ಉದ್ದ ಬೆಂಚು. ಮೂರನೇ ಪುಸ್ತಕದವರು ಬನ್ನಿ ಎಂದರೆ ಆ ನಾಲ್ಕೈದು ಮಕ್ಕಳು ಎದ್ದು ಬಂದು ಬೆಂಚಿನ ಮೇಲೆ ಕೂರಬೇಕು. ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ. ಓದಿ ತೋರಿಸಬೇಕು, ಬಾಯಿಪಾಠ ಒಪ್ಪಿಸಬೇಕು, ಲೆಕ್ಕ ಬಿಡಿಸಬೇಕು. ಮುಂದಿನ ಪಾಠ ಎಲ್ಲಿಂದ ಎಲ್ಲಿಗೆ ಎಂದು ಹೇಳಿ ಕಳಿಸಿದರೆ ಮುಂದಿನ ಗುಂಪು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಹೀಗೆ ಇಪ್ಪತ್ತೈದು, ಮೂವತ್ತು ಸರದಿ ಮುಗಿಯುತ್ತಿದ್ದವು. ಉಳಿದವರು ತಮ್ಮ ಜಾಗದಲ್ಲಿ ಸ್ಲೇಟು ಬಳಪ ಹಿಡಿದು ಕೂತಿರುತ್ತಿದ್ದರು.

ಕೂತಿರುತ್ತಿದ್ದರು ನಿಜ, ಆದರೆ ಕಿವಿ ಮುಚ್ಚಿಕೊಂಡಿರಲಿಲ್ಲವಲ್ಲ! ಅದೇ ಈ ಶಾಲೆಯ ಗುಟ್ಟು. ಚಿಕ್ಕವನು ದೊಡ್ಡವರ ಪಾಠವನ್ನು ವರ್ಷಗಟ್ಟಲೆ ಕೇಳಿಸಿಕೊಳ್ಳುತ್ತಾನೆ, ತನ್ನ ಸರದಿ ಬರುವ ಹೊತ್ತಿಗೆ ಅರ್ಧ ಬಾಯಿಗೆ ಬಂದಿರುತ್ತದೆ. ದೊಡ್ಡವಳು ಚಿಕ್ಕವರ ಪಾಠ ಕೇಳುತ್ತಾ ತಾನು ಮರೆತದ್ದನ್ನು ಗಟ್ಟಿ ಮಾಡಿಕೊಳ್ಳುತ್ತಾಳೆ. ಟೀಚರಿಗೆ ಪುರುಸೊತ್ತಿಲ್ಲದಾಗ ಅವಳೇ ಪುಟ್ಟವರಿಗೆ ಅಕ್ಷರ ತಿದ್ದಿಸುತ್ತಾಳೆ. ಶುರುವಿನ ವರ್ಷಗಳಲ್ಲಿ ತರಗತಿ ಎಂಬುದೇ ಸರಿಯಾಗಿ ಇರಲಿಲ್ಲ. ನೀನು ಯಾವ ಕ್ಲಾಸು ಎಂದು ಕೇಳುತ್ತಿರಲಿಲ್ಲ, ಎಷ್ಟನೇ ರೀಡರ್‌ನಲ್ಲಿದ್ದೀಯ ಎನ್ನುತ್ತಿದ್ದರು. ರೀಡರ್ ಎಂದರೆ ಹೆಚ್ಚಾಗಿ 1836ರಲ್ಲಿ ಶುರುವಾದ ಮೆಕ್‌ಗಫಿ ಪಾಠಮಾಲೆ. ಎಂಟು ತರಗತಿಯ ಅಚ್ಚುಕಟ್ಟು, ಕೊನೆಗೆ ಕೌಂಟಿ (ಸುಮಾರು ನಮ್ಮ ಜಿಲ್ಲೆಯ ಹಾಗೆ) ಮಟ್ಟದ ಎಂಟನೇ ತರಗತಿ ಪರೀಕ್ಷೆ, ಎಲ್ಲಾ ಆಮೇಲೆ ಬಂದವು. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಅವರವರ ವೇಗಕ್ಕೆ ಕಲಿಸುವುದನ್ನು ನಮ್ಮಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯೂ ಮಾಡಿತು. ಆದರೆ ನಲಿ-ಕಲಿಗೆ ಯೋಚಿಸಿ ಮಾಡಿದ ಕಾರ್ಡುಗಳಿವೆ, ಮೆಟ್ಟಿಲುಗಳಿವೆ. ಪ್ರೇರಿಯಲ್ಲಿ ಅದು ಗತಿ ಇಲ್ಲದೆ ಹುಟ್ಟಿದ ಉಪಾಯ. ಕೇಳಲು ಚೆಂದ, ಆದರೆ ಅರ್ಥ ಆಗದೆ ಉರು ಹೊಡೆದವರೇ ಜಾಸ್ತಿ ಎಂಬುದೂ ಅಷ್ಟೇ ನಿಜ.

ಟೀಚರು ಯಾರು ಎಂದರೆ ಬಹುಪಾಲು ಹುಡುಗಿಯರು. ಹದಿನೇಳೋ ಹದಿನೆಂಟೋ ವಯಸ್ಸು. ಎಂಟನೇ ತರಗತಿ ಮುಗಿಸಿ, ಕೌಂಟಿ ಸೂಪರಿಂಟೆಂಡೆಂಟರ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ಪಡೆದರೆ ಮುಗಿಯಿತು, ಅವಳು ಟೀಚರು. ಚಳಿಗಾಲದಲ್ಲಿ ಹೊಲದ ಕೆಲಸ ಇಲ್ಲದಾಗ ಬಂದು ಕೂರುವ ದೊಡ್ಡ ಹುಡುಗರು ಕೆಲವೊಮ್ಮೆ ಅವಳ ವಯಸ್ಸಿನವರೇ ಆಗಿರುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಸಂಬಳ ತಿಂಗಳಿಗೆ ಸುಮಾರು 30–40 ಡಾಲರು, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಗಂಡಸರಿಗೆ ಇದಕ್ಕಿಂತ ಜಾಸ್ತಿ. ಬೆಳಗಿನ ಜಾವ ಹೋಗಿ ಒಲೆ ಹಚ್ಚುವುದು, ಕಸ ಗುಡಿಸುವುದು, ನೀರು ತರಿಸಿಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಎಲ್ಲಾ ಅವಳದೇ ಕೆಲಸ. ಉರುವಲಿಗೆ ಮೆಕ್ಕೆಜೋಳದ ಬೆಂಡು, ಕಲ್ಲಿದ್ದಲು, ಏನೂ ಇಲ್ಲದ ಕಡೆ ಒಣಗಿದ ಸಗಣಿ. ಇರುವುದು ಯಾವುದೋ ವಿದ್ಯಾರ್ಥಿಯ ಮನೆಯಲ್ಲಿ, ಅನೇಕ ಕಡೆ ವಾರಕ್ಕೊಂದು ಮನೆ. ಮದುವೆಯಾದರೆ ಕೆಲಸ ಬಿಡಬೇಕು. ಹಾಗಾಗಿ ಟೀಚರು ಒಂದೆರಡು ವರ್ಷಕ್ಕೊಮ್ಮೆ ಬದಲಾಗುತ್ತಲೇ ಇದ್ದರು.

ನೀರಿನ ಬಕೆಟ್ಟು ನೀವು ನೋಡಿರಬಹುದು. ಒಂದು ಬಕೆಟ್ಟು, ಒಂದು ಸೌಟು, ಎಲ್ಲರೂ ಅದರಲ್ಲೇ ಕುಡಿಯುವುದು. ಒಬ್ಬರಿಗೆ ಕೆಮ್ಮು ಬಂದರೆ ವಾರದೊಳಗೆ ಶಾಲೆಗೆಲ್ಲ ಕೆಮ್ಮು. ಕಾನ್ಸಸ್ 1909ರಲ್ಲಿ ಶಾಲೆಗಳಲ್ಲೂ ರೈಲುಗಳಲ್ಲೂ ಈ ಹಂಚಿ ಕುಡಿಯುವ ಲೋಟವನ್ನು ನಿಷೇಧಿಸಿತು. ನಮ್ಮ ಅಜ್ಜಿಯರು ಎಂಜಲು ಎಂದು ಬೈಯುತ್ತಿದ್ದುದರಲ್ಲಿ ಏನೋ ಅರ್ಥ ಇತ್ತು, ಅಲ್ವಾ?

ಹವಾಮಾನ ಕೆಟ್ಟರೆ ಇದೇ ಹುಡುಗಿಯ ಕೈಯಲ್ಲಿ ಇಪ್ಪತ್ತು ಮಕ್ಕಳ ಜೀವ. 1888ರ ಜನವರಿ 12ರ ಬೆಳಿಗ್ಗೆ ಹಿತವಾದ ಬಿಸಿಲಿತ್ತು. ಮಕ್ಕಳು ದಪ್ಪ ಕೋಟು ಬಿಟ್ಟು ಶಾಲೆಗೆ ಬಂದಿದ್ದರು. ನೆಬ್ರಾಸ್ಕದ ಬಹಳಷ್ಟು ಕಡೆ ಮಧ್ಯಾಹ್ನದ ಹೊತ್ತಿಗೆ ಹಿಮಗಾಳಿ ಗೋಡೆ ಹಾಗೆ ಬಂದು ಬಡಿಯಿತು. ಎದುರಿಗೆ ಚಾಚಿದ ಕೈ ಕಾಣದಷ್ಟು ಪುಡಿ ಹಿಮ. ವ್ಯಾಲಿ ಕೌಂಟಿಯ ಹೆಂಟೆ ಶಾಲೆಯೊಂದರ ಚಾವಣಿ ಕಿತ್ತುಹೋಯಿತು. ಅಲ್ಲಿನ ಟೀಚರು ಮಿನ್ನಿ ಫ್ರೀಮನ್, ಇನ್ನೂ ಇಪ್ಪತ್ತರ ಆಸುಪಾಸಿನವಳು, ಮಕ್ಕಳನ್ನು ಕರೆದುಕೊಂಡು ಹತ್ತಿರದ ಮನೆಗೆ ಕ್ಷೇಮವಾಗಿ ಮುಟ್ಟಿಸಿದಳು. ಹೌದು, ಇವಳೂ ಫ್ರೀಮನ್ನೇ, ಈ ಕಥೆಯ ಮೂರನೆಯ ಫ್ರೀಮನ್! ಮಕ್ಕಳನ್ನೆಲ್ಲ ಹಗ್ಗಕ್ಕೆ ಕಟ್ಟಿ ನಡೆಸಿದಳು ಎಂಬ ಮಾತು ಪ್ರಸಿದ್ಧ. ಹಗ್ಗ ನಿಜವಾಗಿ ಇತ್ತೇ ಎಂಬ ಬಗ್ಗೆ ಅವಳ ಶಿಷ್ಯರಲ್ಲೇ ಒಮ್ಮತ ಇರಲಿಲ್ಲ. ಅದೇ ದಿನ ಪ್ಲೇನ್‌ವ್ಯೂ ಹತ್ತಿರ ಲೋಯಿಸ್ ರಾಯ್ಸ್ ಎಂಬ ಟೀಚರ ಶಾಲೆಯಲ್ಲಿ ಉರುವಲು ಮುಗಿಯಿತು. ಮೂರು ಮಕ್ಕಳನ್ನು ಕರೆದುಕೊಂಡು ಕೂಗಳತೆಯ ಮನೆಗೆ ಹೊರಟಳು, ದಾರಿ ತಪ್ಪಿತು. ರಾತ್ರಿಯಿಡೀ ಅವರನ್ನು ತಬ್ಬಿಕೊಂಡು ಬಯಲಲ್ಲೇ ಮಲಗಿದಳು. ಮೂವರೂ ತೀರಿಕೊಂಡರು. ಅವಳು ಬದುಕಿದಳು, ಕಾಲು ಹೋಯಿತು. ಮಿನ್ನಿಯ ಹೆಸರು ಪತ್ರಿಕೆಗಳಲ್ಲಿ ಮೆರೆಯಿತು. ಇಬ್ಬರ ಧೈರ್ಯದಲ್ಲಿ ನನಗೇನೂ ವ್ಯತ್ಯಾಸ ಕಾಣುವುದಿಲ್ಲ, ಗಾಳಿ ಬೇರೆ ಬೇರೆ ಕಡೆ ಬೀಸಿತು ಅಷ್ಟೇ.

ಇನ್ನು ಆ ಜಗಳ. 1899ರಲ್ಲಿ ಫ್ರೀಮನ್ ಶಾಲೆಯ ಟೀಚರು ಈಡಿತ್ ಬೀಚರ್. ದಿನಾ ಪಾಠಕ್ಕೆ ಮೊದಲು ಅವರು ಬೈಬಲ್ ಓದಿಸಿ, ಪ್ರಾರ್ಥನೆ ಮಾಡಿಸಿ, ಭಜನೆಯಂಥ ಹಾಡು ಹಾಡಿಸುತ್ತಿದ್ದರು. ಆಗ ಎಪ್ಪತ್ತು ದಾಟಿದ್ದ ಡೇನಿಯಲ್ ಫ್ರೀಮನ್ ಅದು ಸರಿಯಲ್ಲ, ನಿಲ್ಲಿಸಿ ಎಂದ. ಅವರು ಒಪ್ಪಲಿಲ್ಲ. ಮಂಡಳಿಗೆ ಹೋದ. ಮಂಡಳಿಯೂ ಟೀಚರ ಪರ. ಕೋರ್ಟಿಗೆ ಹೋದ, ಕೆಳಗಿನ ಕೋರ್ಟಿನಲ್ಲಿ ಸೋತ. ಬಿಡಲಿಲ್ಲ. 1902ರಲ್ಲಿ ನೆಬ್ರಾಸ್ಕದ ಸುಪ್ರೀಂ ಕೋರ್ಟು, ಸರ್ಕಾರಿ ಶಾಲೆಯಲ್ಲಿ ಒಂದು ಮತದ ಆರಾಧನೆ ನಡೆಸುವುದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು ಅವನ ಪರವಾಗಿ ತೀರ್ಪು ಕೊಟ್ಟಿತು. ದೊಡ್ಡ ಗದ್ದಲ ಎದ್ದಿತು. ಮರುವರ್ಷ ಅದೇ ಕೋರ್ಟು ಒಂದು ವಿವರಣೆ ಸೇರಿಸಿತು. ಬೈಬಲ್ ಪುಸ್ತಕಕ್ಕೇ ಬಹಿಷ್ಕಾರ ಅಲ್ಲ, ಮತ ಬೋಧನೆಗೆ ಬಳಸಬಾರದು ಅಷ್ಟೇ ಎಂದಿತು. ಅಮೆರಿಕದ ಸುಪ್ರೀಂ ಕೋರ್ಟು ಇದೇ ವಿಷಯಕ್ಕೆ ಬಂದದ್ದು 1962–63ರಲ್ಲಿ. ಅರವತ್ತು ವರ್ಷ ಮೊದಲೇ ಒಂದು ಹೊಲದ ನಡುವಿನ ಕೋಣೆಯಲ್ಲಿ ಆ ವಾದ ಎದ್ದಿತ್ತು.

ಈ ಮೊಕದ್ದಮೆಯಲ್ಲಿ ನನಗೆ ಎದ್ದು ಕಾಣುವುದು ಧರ್ಮದ ವಿಷಯಕ್ಕಿಂತ ನೆರೆಹೊರೆಯ ವಿಷಯ. ಫ್ರೀಮನ್ ದಾವೆ ಹೂಡಿದ್ದು ದೂರದ ಸರ್ಕಾರದ ಮೇಲಲ್ಲ, ದಿನಾ ಮುಖ ನೋಡಬೇಕಾದ ಪಕ್ಕದ ಹೊಲದವರ ಮೇಲೆ. ನೆರೆಯವರೇ ನಡೆಸುವ ಶಾಲೆಯಲ್ಲಿ ಬಹುಮತ ಯಾರದೋ ಶಾಲೆ ಅವರದು. ಒಗ್ಗಟ್ಟೂ ಅಲ್ಲಿಂದಲೇ, ಉಸಿರು ಕಟ್ಟುವುದೂ ಅಲ್ಲಿಂದಲೇ.

ಭಾಷೆಯ ವಿಷಯದಲ್ಲೂ ಹೀಗೇ ಆಯಿತು. ನೆಬ್ರಾಸ್ಕದಲ್ಲಿ ಜರ್ಮನ್, ಚೆಕ್, ಸ್ವೀಡಿಷ್ ಮಾತಾಡುವ ರೈತರು ತುಂಬಾ ಇದ್ದರು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಎಂದರೆ ಶತ್ರು ಭಾಷೆ. ಎಂಟನೇ ತರಗತಿ ಪಾಸಾಗದ ಮಗುವಿಗೆ ಪರಭಾಷೆ ಕಲಿಸಬಾರದು ಎಂದು 1919ರಲ್ಲಿ ಕಾನೂನೇ ಆಯಿತು. 1920ರ ಮೇ ತಿಂಗಳಲ್ಲಿ ಹ್ಯಾಂಪ್ಟನ್ ಎಂಬಲ್ಲಿ ಚರ್ಚ್ ನಡೆಸುತ್ತಿದ್ದ ಶಾಲೆಯಲ್ಲಿ ರಾಬರ್ಟ್ ಮೆಯರ್ ಎಂಬ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್‌ನಲ್ಲಿ ಬೈಬಲ್ ಕಥೆ ಓದಿಸುತ್ತಿದ್ದಾಗ ಸಿಕ್ಕಿಬಿದ್ದರು. ದಂಡ 25 ಡಾಲರು. ಕಟ್ಟಿ ಸುಮ್ಮನಾಗಬಹುದಿತ್ತು, ಆಗಲಿಲ್ಲ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಾನೂನನ್ನು ತಳ್ಳಿಹಾಕಿತು. ಮಗು ಯಾವ ಭಾಷೆಯಲ್ಲಿ ಕಲಿಯಬೇಕು ಎಂದು ನಾವು ದಶಕಗಟ್ಟಲೆ ಕೋರ್ಟಿಗೆ ಅಲೆದವರು. ಆ ತೀರ್ಪು ಓದುವಾಗ ಕನ್ನಡಿಗರಿಗೆ ವಾದಗಳು ಹೊಸವು ಅನ್ನಿಸುವುದಿಲ್ಲ.

ಕೋಣೆಯೊಳಗೆ ಇಲ್ಲದವರ ಮಾತೂ ಹೇಳಬೇಕು. ಶಾಲೆಗೆ ಮೀಸಲಿಟ್ಟ ಆ ಸೆಕ್ಷನ್‌ಗಳು ಖಾಲಿ ನೆಲ ಆಗಿರಲಿಲ್ಲ. ಬಿಯಾಟ್ರಿಸ್ ಸುತ್ತಿನ ಸೀಮೆ ಓಟೋ-ಮಿಸೂರಿಯಾ ಜನರದು. 1854ರ ಒಪ್ಪಂದದಲ್ಲಿ ಅವರನ್ನು ಅದೇ ಕೌಂಟಿಯ ದಕ್ಷಿಣಕ್ಕಿರುವ ಸಣ್ಣ ಮೀಸಲು ಜಾಗಕ್ಕೆ ಒತ್ತಿದರು. 1881ರ ಹೊತ್ತಿಗೆ ಅಲ್ಲಿಂದಲೂ ಇವತ್ತಿನ ಒಕ್ಲಹೋಮಕ್ಕೆ ಸಾಗಿಸಿದರು. ಆಗ ಫ್ರೀಮನ್ ಶಾಲೆಗೆ ಒಂಬತ್ತು ವರ್ಷ. ಮೂರು ವರ್ಷ ಬಿಟ್ಟು ಅದೇ ರಾಜ್ಯದ ಜಿನೋವಾದಲ್ಲಿ ಮೂಲನಿವಾಸಿ ಮಕ್ಕಳ ವಸತಿ ಶಾಲೆ ತೆರೆಯಿತು. ಅವರನ್ನು ಮನೆಯಿಂದ, ಭಾಷೆಯಿಂದ ಬಿಡಿಸುವುದೇ ಅದರ ಗುರಿ. ಒಂದು ಮಗುವಿಗೆ ಮನೆಯಿಂದ ಎರಡು ಮೈಲಿಯೊಳಗೆ ಶಾಲೆ, ಇನ್ನೊಂದಕ್ಕೆ ನೂರಾರು ಮೈಲಿ ಆಚೆ.

ಕೊನೆಗೆ, ಮುಚ್ಚಿದ್ದೇಕೆ? ತಜ್ಞರು ಹೇಳಿದ್ದಕ್ಕೆ ಎಂದು ಪುಸ್ತಕಗಳು ಹೇಳುತ್ತವೆ. 1908ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಳ್ಳಿ ಬದುಕಿನ ಬಗ್ಗೆ ಆಯೋಗ ನೇಮಿಸಿದ ಕಾಲದಿಂದ ಶಿಕ್ಷಣ ಪಂಡಿತರು ಸಣ್ಣ ಶಾಲೆಗಳನ್ನು ಸೇರಿಸಿ ದೊಡ್ಡದು ಮಾಡಿ ಎನ್ನುತ್ತಲೇ ಇದ್ದರು. ರೈತರು ಕೇಳಲಿಲ್ಲ. ತಮ್ಮ ದುಡ್ಡು, ತಮ್ಮ ಶಾಲೆ, ಮುಚ್ಚಲು ನೀವ್ಯಾರು? ನೀವು ಕೇಳಿದ 95 ವರ್ಷದ ಗುಟ್ಟು ಇಷ್ಟೇ. ಶ್ರೀಮಂತ ದೇಶ ಆ ಶಾಲೆಯನ್ನು ಇಟ್ಟುಕೊಳ್ಳಲಿಲ್ಲ, ಸುತ್ತಲಿನ ಮನೆಗಳು ಇಟ್ಟುಕೊಂಡವು.

ಶಾಲೆಯನ್ನು ನಿಜವಾಗಿ ಮುಚ್ಚಿಸಿದ್ದು ಟ್ರ್ಯಾಕ್ಟರು. ಕುದುರೆ ಕಟ್ಟಿ ಉಳುವವನಿಗೆ 160 ಎಕರೆ ಕೈ ತುಂಬಾ ಕೆಲಸ. ಟ್ರ್ಯಾಕ್ಟರು ಇರುವವನಿಗೆ ಅದು ಸಾಲದು. ಪಕ್ಕದವನದನ್ನು ಕೊಂಡ, ಆಚೆಯವನದನ್ನೂ ಕೊಂಡ. ನಾಲ್ಕು ಮನೆ ಇದ್ದ ಚದರ ಮೈಲಿಯಲ್ಲಿ ಒಂದು ಮನೆ ಉಳಿಯಿತು. 36 ಮನೆಯ ಲೆಕ್ಕದಲ್ಲಿ ಕಟ್ಟಿದ ಕೋಣೆಗೆ ಒಂಬತ್ತು ಮನೆ ಎಂದರೆ ಬೆಂಚು ಖಾಲಿ. ಟಾರು ರಸ್ತೆಯೂ ಶಾಲೆ ಬಸ್ಸೂ ಬಂದ ಮೇಲೆ ಪಟ್ಟಣದ ಶಾಲೆ ದೂರ ಅನ್ನಿಸಲೂ ಇಲ್ಲ. ಅಮೆರಿಕದಲ್ಲಿ 1929–30ರಲ್ಲಿ ಸುಮಾರು 1,49,000 ಏಕೋಪಾಧ್ಯಾಯ ಶಾಲೆಗಳಿದ್ದವು. 1949–50ಕ್ಕೆ ಸುಮಾರು 60,000. ಹತ್ತು ವರ್ಷ ಬಿಟ್ಟು 20,000. 1970–71ಕ್ಕೆ 1,800ರಷ್ಟು. ಫ್ರೀಮನ್ ಶಾಲೆ 1967ರಲ್ಲಿ ಮುಚ್ಚಿತು ಎಂದರೆ ಸಾಲಿನ ಕೊನೆಯಲ್ಲಿ ನಿಂತವರಲ್ಲಿ ಅದೂ ಒಂದು. 1970ರಲ್ಲಿ ಅಮೆರಿಕದ ಸಂಸತ್ತು ಅದನ್ನು ಡೇನಿಯಲ್ ಫ್ರೀಮನ್‌ನ ಜಮೀನಿನಲ್ಲಿರುವ ಹೋಮ್‌ಸ್ಟೆಡ್ ಸ್ಮಾರಕಕ್ಕೆ ಸೇರಿಸಲು ಒಪ್ಪಿತು, ಹಾಗಾಗಿ ಉಳಿಯಿತು. ಬೇರೆ ಎಷ್ಟೋ ಶಾಲೆಗಳನ್ನು ರೈತರು ಕೊಂಡು ಎಳೆದುಕೊಂಡು ಹೋಗಿ ಕಣಜ ಮಾಡಿಕೊಂಡರು.

ಹಟ ಅಲ್ಲಿಗೂ ಮುಗಿಯಲಿಲ್ಲ. ನೆಬ್ರಾಸ್ಕದಲ್ಲಿ ಪ್ರಾಥಮಿಕ ಶಾಲೆ ಮಾತ್ರ ಇರುವ ಪುಟ್ಟ ಡಿಸ್ಟ್ರಿಕ್ಟ್‌ಗಳು ಈ ಶತಮಾನಕ್ಕೂ ಬಂದವು. 2005ರಲ್ಲಿ ರಾಜ್ಯ ಕಾನೂನು ಮಾಡಿ ಅವನ್ನೆಲ್ಲ ದೊಡ್ಡ ಡಿಸ್ಟ್ರಿಕ್ಟ್‌ಗಳಿಗೆ ಸೇರಿಸಿತು. ಹಳ್ಳಿಯವರು ಸಹಿ ಸಂಗ್ರಹ ಮಾಡಿ ವಿಷಯವನ್ನು ಜನಮತಕ್ಕೆ ತಂದರು. 2006ರ ನವೆಂಬರ್‌ನಲ್ಲಿ ಮತದಾರರು ಆ ಕಾನೂನನ್ನು ರದ್ದು ಮಾಡಿದರು. ಆದರೆ ಅದು ಆ ಬೇಸಿಗೆಯಲ್ಲೇ ಜಾರಿಯಾಗಿ ಡಿಸ್ಟ್ರಿಕ್ಟ್‌ಗಳು ಕರಗಿಹೋಗಿದ್ದವು.

ಮಗ ಲಿಂಕನ್‌ನಲ್ಲೇ ಇದ್ದಾನೆ ಎಂದಿರಿ. ಮುಂದಿನ ಸಲ ಹೋದಾಗ ಅಲ್ಲಿನ ರಾಜ್ಯ ಶಾಸನಸಭೆಯ ಕಟ್ಟಡ ನೋಡಿ, ಪ್ರವೇಶಕ್ಕೆ ದುಡ್ಡಿಲ್ಲ. ಒಳಗೆ ಗೋಡೆಯ ಮೇಲೆ 1888ರ ಹಿಮಗಾಳಿಯ ಮೊಸಾಯಿಕ್ ಚಿತ್ರ ಇದೆ, ಮಿನ್ನಿ ಫ್ರೀಮನ್ ಮತ್ತು ಅವಳ ಮಕ್ಕಳು. ಅದರಲ್ಲಿ ಹಗ್ಗ ಇದೆಯೇ ಎಂದು ನೋಡಿ ನನಗೊಂದು ಸಾಲು ಬರೆಯಿರಿ.